ತಾರಾ ಪಟ್ಟ ಮಗನಿಗೇಕೆ ಸಿಗಲಿಲ್ಲ?

"ಐರ್ಲೆಂಡಿನ ತಾರಾ ಅರಸರ ಪಟ್ಟಿಯಲ್ಲಿ ಅಪ್ಪನ ನಂತರ ಮಗ ಬರುವುದೇ ಇಲ್ಲ, ಪಟ್ಟಿ ತಪ್ಪೇ?" ಅಂತ ಕೇಳಿದ್ದೀರಿ. ಪಟ್ಟಿ ಸರಿಯಾಗಿಯೇ ಇದೆ. ತಾರಾ ಎಂಬುದು ಐರ್ಲೆಂಡಿನ ಒಂದು ಗುಡ್ಡ, ಅಲ್ಲಿನ ಹಿರಿಯ ಅರಸುತನದ ಗುರುತು. ಅಲ್ಲಿ ಹಿರಿಮಗನಿಗೇ ಪಟ್ಟ ಎಂಬ ಕಟ್ಟಳೆ ಇರಲಿಲ್ಲ. ಒಬ್ಬ ಮುತ್ತಜ್ಜನ ಗಂಡು ಸಂತಾನದಲ್ಲಿ ಯಾರಿಗೆ ಬಲವಿದೆಯೋ ಅವನು ಪಟ್ಟ ಕೇಳಬಹುದಿತ್ತು. ಅಂದರೆ ದಾಯಾದಿಗಳೆಲ್ಲ ಉಮೇದುವಾರರೇ!

ತಾರಾದಲ್ಲಿ ಇನ್ನೊಂದು ತಿರುವು. 'ಈ ನೇಲ್' (Uí Néill) ಎಂಬ ರಾಜವಂಶದ ಎರಡು ಕವಲುಗಳು, ಉತ್ತರದ ಕೆನೇಲ್ ನೋಗನ್ ಮತ್ತು ನಡುನಾಡಾದ ಮೀಡೆಯ ಕ್ಲಾನ್ ಕೊಲ್ಮಾನ್, 734ರಿಂದ 1002ರವರೆಗೆ ಹೆಚ್ಚುಕಡಿಮೆ ಸರದಿಯಂತೆ ಆಳಿದವು. ನಡುವೆ 944ರಲ್ಲಿ ಪಟ್ಟವೇರಿದ ಬ್ರೆಗಾ ಸೀಮೆಯ ಕಾಂಗಲಾಖ್ ಮಾತ್ರ ಈ ಎರಡು ಕವಲುಗಳ ಹೊರಗಿನವನು. ಸರದಿ ಅಂದರೆ ಸೌಹಾರ್ದ ಅಂದುಕೊಳ್ಳಬೇಡಿ. 743ರಲ್ಲಿ ಕೆನೇಲ್ ನೋಗನ್ ಕವಲಿನ ಅರಸ ಏಡ್ ಅಲ್ಲಾನನನ್ನು ಯುದ್ಧದಲ್ಲಿ ಕೊಂದೇ ಕ್ಲಾನ್ ಕೊಲ್ಮಾನ್ ಕವಲಿನ ಡೊಮ್ನಾಲ್ ಪಟ್ಟವೇರಿದ್ದು.

ನನಗೆ ಸೋಜಿಗವೆನಿಸುವುದು 915ರ ಘಟನೆ. ಆಗ ತಾರಾ ಅರಸನಾಗಿದ್ದ ಕ್ಲಾನ್ ಕೊಲ್ಮಾನ್ ಕವಲಿನ ಮುದುಕ ಫ್ಲಾನ್ ಸಿನ್ನಾನ ಮೇಲೆ ಅವನ ಇಬ್ಬರು ಮಕ್ಕಳೇ ದಂಗೆಯೆದ್ದರು. ಉತ್ತರದ ನೀಯಲ್ ಗ್ಲೂನ್‌ಡುವ್ ದಂಡು ತಂದು, ಅಪ್ಪನ ಮಾತು ಕೇಳುತ್ತೇವೆಂದು ಅವರಿಂದ ಭಾಷೆ ತೆಗೆದುಕೊಂಡ. ಉಪಕಾರವೋ ಲೆಕ್ಕಾಚಾರವೋ, ಮರುವರ್ಷ ಫ್ಲಾನ್ ತೀರಿಕೊಂಡಾಗ ಪಟ್ಟ ನೀಯಲ್‌ಗೇ ಬಂತು. 919ರಲ್ಲಿ ಅವನು ಡಬ್ಲಿನ್ ಬಳಿ ವೈಕಿಂಗರೊಡನೆ ಕಾದು ಸತ್ತ. ಆಗ ಫ್ಲಾನನ ಮಗ ಡೊನ್ನಖಾನ ಸರದಿ. ಅದೇ ವರ್ಷ ಅವನು ಸೋದರ ಏಡ್‌ನ ಕಣ್ಣು ಕೀಳಿಸಿದ. ಅಂಗ ಊನವಾದವನು ಅರಸನಾಗಲು ಯೋಗ್ಯನಲ್ಲ ಎಂಬ ನಂಬಿಕೆ ಅಲ್ಲಿತ್ತು. ಕೊಲ್ಲದೆಯೇ ಒಬ್ಬ ಪ್ರತಿಸ್ಪರ್ಧಿ ಕಡಿಮೆಯಾದ.