ಸ್ವರಕ್ಕಿಂತ ಮೊದಲಿನ ಉಸಿರು

ಪ್ರಶ್ನೆ: ಸರ್, ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೇನೆ. ವಯೊಲಿನ್ ಐದನೇ ಗ್ರೇಡ್ ಮುಗಿದಿದೆ. ನಮ್ಮ ಇಗರ್ಜಿಯ ಕ್ವಾಯರ್‌ನಲ್ಲಿ ಆಲ್ಟೊ (ಹೆಂಗಸರ ಕೆಳದನಿ) ಹಾಡುತ್ತೇನೆ. ಹೊರದೇಶದ ಕನ್ಸರ್ವೇಟರಿಯಲ್ಲಿ, ಅಂದರೆ ಸಂಗೀತ ಕಾಲೇಜಿನಲ್ಲಿ, ಆರ್ಕೆಸ್ಟ್ರಾ ಕಂಡಕ್ಟಿಂಗ್ (ವಾದ್ಯದವರ ಎದುರು ನಿಂತು ಕೈಸನ್ನೆಯಿಂದ ಅವರನ್ನು ನಡೆಸುವುದು) ಕಲಿಯಬೇಕೆಂಬ ಆಸೆ. 'ಕೈ ಬೀಸಲು ಕಲಿಯೋಕೆ ಅಷ್ಟು ವರ್ಷ ಯಾಕೆ?' ಅಂತ ಅಪ್ಪ ಕೇಳುತ್ತಾರೆ. ಇಲ್ಲಿದ್ದೇ ಏನು ತಯಾರಿ ಮಾಡಬಹುದು?
– ಓದುಗಿ, ಬಿಜೈ, ಮಂಗಳೂರು

ಉತ್ತರ: ಅಪ್ಪ ಕೇಳಿದ್ದು ಸರಿಯಾಗಿಯೇ ಇದೆ. ಎರಡು, ಮೂರು, ನಾಲ್ಕು ಎಣಿಕೆಗೆ ಕೈ ಹೇಗೆ ಹೋಗಬೇಕು ಅನ್ನುವುದನ್ನು ಒಂದೇ ವಾರದಲ್ಲಿ ಕಲಿಯಬಹುದು. ವರ್ಷಗಳು ಬೇಕಾಗುವುದು ಬೇರೆಯದಕ್ಕೆ.

ಕನ್ಸರ್ವೇಟರಿಯಲ್ಲಿ ನಾನು ಮೊದಲ ಸಲ ವಾದ್ಯದವರ ಎದುರು ನಿಂತದ್ದು ಬೀಥೋವನ್‌ನ ಐದನೇ ಸಿಂಫನಿಗೆ. ಮೂರು ಗಿಡ್ಡ ಸ್ವರ, ಒಂದು ಉದ್ದ ಸ್ವರ. ಎಲ್ಲರೂ ಕೇಳಿರುವ ಶುರು, ಅಲ್ವಾ? ಆದರೆ ಸ್ಕೋರ್ (ಎಲ್ಲ ವಾದ್ಯಗಳ ಸ್ವರ ಒಟ್ಟಿಗೆ ಬರೆದ ಪುಸ್ತಕ) ತೆರೆದು ನೋಡಿ, ಮೊದಲು ಬರೆದಿರುವುದು ಸ್ವರವಲ್ಲ, ಚಿಕ್ಕದೊಂದು ಮೌನ. ಕಂಡಕ್ಟರ್‌ನ ಪೆಟ್ಟು ಬೀಳಬೇಕಾದ್ದು ಆ ಮೌನದ ಮೇಲೆ. ನಾನು ಪೆಟ್ಟು ಹಾಕಿದೆ. ಅರ್ಧ ವಯೊಲಿನ್‌ಗಳು ಮುಂದೆ ಓಡಿದವು, ಕ್ಲಾರಿನೆಟ್‌ಗಳು ಹಿಂದೆ ಉಳಿದವು. ಗುರುಗಳು ಹತ್ತಿರ ಬಂದು ಹೇಳಿದ್ದು ಒಂದೇ ಮಾತು: 'ನೀನು ಉಸಿರೇ ತೆಗೆದುಕೊಳ್ಳಲಿಲ್ಲ.' ಪೆಟ್ಟಿಗಿಂತ ಮೊದಲು ಕೈ ಮೇಲೆ ಹೋಗುವಾಗ ತೆಗೆದುಕೊಳ್ಳುವ ಆ ಉಸಿರಿನಲ್ಲೇ ವೇಗ ಎಷ್ಟು, ಜೋರು ಎಷ್ಟು ಅನ್ನುವುದೆಲ್ಲ ಇರಬೇಕು. ಆ ದಿನದ ಪಾಠ ಪೂರ್ತಿ ಮೊದಲ ಐದು ಬಾರ್‌ಗಳಲ್ಲೇ, ಅಂದರೆ ತಾಳದ ಐದು ಆವರ್ತಗಳಲ್ಲೇ, ಮುಗಿಯಿತು.

ನಮ್ಮೂರಿನವರಿಗೆ ಇದು ಅಪರಿಚಿತವಲ್ಲ. ಮುಂದಿನ ಸಲ ಯಕ್ಷಗಾನ ಆಟಕ್ಕೆ ಹೋದಾಗ ವೇಷಗಳನ್ನು ಸ್ವಲ್ಪ ಬಿಟ್ಟು ಭಾಗವತರನ್ನೇ ನೋಡಿ. ಅವರು ಪದ ಎತ್ತುವ ಹೊತ್ತಿಗೆ ಚೆಂಡೆ, ಮದ್ದಳೆಯವರು ತಯಾರಾಗಿಯೇ ಇರುತ್ತಾರೆ. ಭಾಗವತರನ್ನು ಮೊದಲನೇ ವೇಷ ಅನ್ನುವುದು ಸುಮ್ನೆ ಅಲ್ಲ. ಕಂಡಕ್ಟರ್‌ಗೆ ಹಾಡೂ ಇಲ್ಲ, ಜಾಗಟೆಯೂ ಇಲ್ಲ, ಅಷ್ಟೇ.

ಇನ್ನು ಕಿವಿಯ ಕೆಲಸ. ಅದೇ ಸಿಂಫನಿಯ ಶುರುವಿನಲ್ಲಿ ವಯೊಲಿನ್‌ಗೆ ಜಿ, ಜಿ, ಜಿ, ಇ ಫ್ಲ್ಯಾಟ್ ಅಂತ ಬರೆದಿದ್ದರೆ, ಕ್ಲಾರಿನೆಟ್‌ಗೆ ಎ, ಎ, ಎ, ಎಫ್ ಅಂತ ಬರೆದಿರುತ್ತದೆ. ಕೇಳುವುದು ಮಾತ್ರ ಒಂದೇ ಸ್ವರ. ವಿಯೋಲಾಗೆ ಕ್ಲೆಫ್, ಅಂದರೆ ಯಾವ ಗೆರೆ ಯಾವ ಸ್ವರ ಅಂತ ಹೇಳುವ ಗುರುತು, ಬೇರೆ. ಇಂಥ ಹತ್ತು ಹನ್ನೆರಡು ಸಾಲುಗಳನ್ನು ಒಟ್ಟಿಗೆ ಓದಿ, ಯಾರೂ ನುಡಿಸದೆ ತಲೆಯೊಳಗೆ ಕೇಳಿಸಿಕೊಳ್ಳಬೇಕು. ವರ್ಷಗಳು ಹೋಗುವುದು ಇಲ್ಲಿ.

ಹಾಗಾಗಿ ಇವತ್ತೇ ಪಿಯಾನೊ ಶುರು ಮಾಡಿ. ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚಿನ ಕಡೆ ಪಿಯಾನೊ, ಕಿವಿಯ ಪರೀಕ್ಷೆ ಎರಡೂ ಇರುತ್ತವೆ. ಕ್ವಾಯರ್‌ನ ಒಂದು ಹಾಡು ಹಿಡಿದು ಆಲ್ಟೊ ಹಾಡುತ್ತಾ ಉಳಿದ ಮೂರು ದನಿಗಳನ್ನು ನುಡಿಸಿ. ಕಷ್ಟ ಆಗುತ್ತದೆ, ಬಿಡಬೇಡಿ. ವಯೊಲಿನ್ ಖಂಡಿತ ಬಿಡಬೇಡಿ. ಮುಂಬೈಯ ಜುಬಿನ್ ಮೆಹ್ತಾ 1954ರಲ್ಲಿ 18ರ ವಯಸ್ಸಿಗೆ ವಿಯೆನ್ನಾಗೆ ಹೋದರು. ಅಲ್ಲಿ ಹಾನ್ಸ್ ಸ್ವರೋವ್‌ಸ್ಕಿ ಹತ್ತಿರ ಕಂಡಕ್ಟಿಂಗ್ ಕಲಿತರು, ಜೊತೆಗೆ ಡಬಲ್ ಬಾಸ್ ನುಡಿಸಿದರು. ವಾದ್ಯದವರ ಸಾಲಿನಲ್ಲಿ ಕೂತವರಿಗೇ ಎದುರು ನಿಂತವನಿಂದ ಏನು ಬೇಕು ಅಂತ ಗೊತ್ತಾಗುವುದು.

ಒಮ್ಮೆಯಾದರೂ ಮತ್ಸ್ಯಗಂಧ ರೈಲು ಹತ್ತಿ ಮುಂಬೈಗೆ ಹೋಗಿ. 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಅಲ್ಲಿದೆ. ರೆಕಾರ್ಡಿಂಗ್‌ನಲ್ಲಿ ಆ ಉಸಿರು ಕಾಣುವುದಿಲ್ಲ. ಡಿಗ್ರಿ ಮುಗಿಸಿ, ಅಷ್ಟರೊಳಗೆ ಜರ್ಮನ್ ಕಲಿಯಿರಿ. ವಿಯೆನ್ನಾ ಮನಸ್ಸಿನಲ್ಲಿದ್ದರೆ ಅದು ಬೇಕೇ ಬೇಕು.

ಮುಂದಿನ ಪ್ರಾಕ್ಟೀಸ್‌ನಲ್ಲಿ ಒಂದೇ ಒಂದು ಹಾಡು ನಡೆಸಲು ಕ್ವಾಯರ್ ಮಾಸ್ತರರನ್ನು ಕೇಳಿ. ಅಪ್ಪನನ್ನೂ ಕರೆದುಕೊಂಡು ಹೋಗಿ. ಹಿಂದಿನ ಬೆಂಚಿನಲ್ಲಲ್ಲ, ನಿಮ್ಮ ಮುಖ ಕಾಣುವ ಹಾಗೆ ಹಾಡುವವರ ಮಧ್ಯೆ ಕೂರಿಸಿ.