ಕಿಣ್ವ ಕೆಟ್ಟಿಲ್ಲ, ರಕ್ತಕಣ ಬದಲಿಸಿ ನೋಡಿ

ಪ್ರಶ್ನೆ: ನಾನು ಬಯೋಕೆಮಿಸ್ಟ್ರಿ ಎಂ.ಎಸ್ಸಿ. ವಿದ್ಯಾರ್ಥಿನಿ. ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ಪಿಐ-ಪಿಎಲ್‌ಸಿ (ಪಿಐ ಎಂಬ ಪೊರೆಯ ಕೊಬ್ಬನ್ನು ಕತ್ತರಿಸುವ) ಕಿಣ್ವವನ್ನು ಮನುಷ್ಯರ ಕೆಂಪು ರಕ್ತಕಣಗಳಿಗೆ ಹಾಕಿದೆ. ಕಣದ ಹೊರಮೈಯಲ್ಲಿರುವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಪ್ರೋಟೀನು ಕಳಚಿ ದ್ರಾವಣಕ್ಕೆ ಬರಬೇಕಿತ್ತು, ಬರಲಿಲ್ಲ. ಜಾಸ್ತಿ ಹಾಕಿದರೂ ಅಷ್ಟೇ. ಕಿಣ್ವ ಕೆಟ್ಟಿದೆಯಾ? ಕ್ಯಾಲ್ಸಿಯಂ ಸೇರಿಸಬೇಕಾ?

ಉತ್ತರ: ದಯವಿಟ್ಟು ಆ ಕಿಣ್ವವನ್ನು ಎಸೆಯಬೇಡಿ. ಅದು ಚೆನ್ನಾಗಿಯೇ ಇರಬಹುದು. ತೊಡಕು ಇರುವುದು ನೀವು ಆರಿಸಿಕೊಂಡ ರಕ್ತಕಣದಲ್ಲಿ.

ನಿಮ್ಮ ಪ್ರೋಟೀನು ಪೊರೆಯೊಳಗೆ ತೂರಿಕೊಂಡಿರುವುದಿಲ್ಲ. ಜಿಪಿಐ ಎಂಬ ಸಕ್ಕರೆ-ಕೊಬ್ಬಿನ ಲಂಗರು ಅದನ್ನು ಕಣದ ಹೊರಮೈಗೆ ಹಿಡಿದಿಡುತ್ತದೆ. ಪಿಐ-ಪಿಎಲ್‌ಸಿ ಆ ಲಂಗರಿನಲ್ಲಿ ಕೊಬ್ಬಿಗೂ ಫಾಸ್ಫೇಟಿಗೂ ನಡುವಿನ ಕೊಂಡಿಯನ್ನು ಕತ್ತರಿಸುತ್ತದೆ. ಆದರೆ ಈ ಕೆಲಸಕ್ಕೆ ಲಂಗರಿನಲ್ಲಿರುವ ಇನೋಸಿಟಾಲ್ ಎಂಬ ಸಕ್ಕರೆಯಂಥ ಉಂಗುರದ 2ನೇ ಹೈಡ್ರಾಕ್ಸಿಲ್ (OH) ಬೇಕು. ಅದೇ ಫಾಸ್ಫೇಟಿನ ಮೇಲೆ ಎರಗಿ, ಕೊಬ್ಬನ್ನು ಹೊರದಬ್ಬಿ, ಸೈಕ್ಲಿಕ್ ಫಾಸ್ಫೇಟ್ ಆಗುತ್ತದೆ. ಮನುಷ್ಯರ ಕೆಂಪುಕಣದಲ್ಲಿ ಉಂಗುರದ ಆ ಜಾಗಕ್ಕೆ ಪಾಲ್ಮಿಟೇಟ್ ಎಂಬ ಇನ್ನೊಂದು ಕೊಬ್ಬಿನಾಮ್ಲ ಅಂಟಿಕೊಂಡಿರುತ್ತದೆ. ಹೈಡ್ರಾಕ್ಸಿಲ್ ಖಾಲಿ ಇರುವುದಿಲ್ಲ. ಹಾಗಾಗಿ ಎಷ್ಟು ಕಿಣ್ವ ಸುರಿದರೂ ಕೊಂಡಿ ತುಂಡಾಗದು. ರೋಸೆನ್‌ಬೆರಿ ಮತ್ತು ಸಂಗಡಿಗರು 1988ರಲ್ಲೇ ಇದನ್ನು ತೋರಿಸಿಕೊಟ್ಟರು. ಹೊಸಬರು ಇವತ್ತಿಗೂ ಇಲ್ಲೇ ಸಿಕ್ಕಿಬೀಳುತ್ತಾರೆ, ಯಾಕೆಂದರೆ ಜಿಪಿಐ ಅಂದ ಕೂಡಲೇ ಪಿಐ-ಪಿಎಲ್‌ಸಿ ಕತ್ತರಿಸುತ್ತದೆ ಅಂತಷ್ಟೇ ಪಾಠದಲ್ಲಿ ಕೇಳಿರುತ್ತಾರೆ.

ಈಗ ಹಸುವಿನ ಕೆಂಪುಕಣ ತೆಗೆದುಕೊಳ್ಳಿ. ಅಲ್ಲಿ ಅದೇ ಪ್ರೋಟೀನು ಸಲೀಸಾಗಿ ಕಳಚಿ ಬರುತ್ತದೆ. ಬಂದರೆ ನಿಮ್ಮ ಕಿಣ್ವ ಸರಿಯಿದೆ ಅಂತಲೇ ಅರ್ಥ. ಮನುಷ್ಯರ ರಕ್ತದಲ್ಲೇ ನೋಡಬೇಕು ಅಂತಿದ್ದರೆ ಬಿಳಿ ರಕ್ತಕಣಗಳ ಮೇಲೆ ಜಿಪಿಐ ಲಂಗರಿನಿಂದಲೇ ನಿಂತಿರುವ ಸಿಡಿ55 ಎಂಬ ಪ್ರೋಟೀನು ನೋಡಿ. ಇನ್ನೊಂದು ದಾರಿಯೂ ಇದೆ. ಕ್ಷಾರೀಯ ಹೈಡ್ರಾಕ್ಸಿಲಮೀನ್ ಬಳಸಿ ಮೊದಲು ಪಾಲ್ಮಿಟೇಟ್ ತೆಗೆದರೆ, ಮನುಷ್ಯರ ಕಣದ ಪ್ರೋಟೀನು ಕೂಡ ಈ ಕಿಣ್ವಕ್ಕೆ ಬಗ್ಗುತ್ತದೆ.

ಕ್ಯಾಲ್ಸಿಯಂ ಬೇಡವೇ ಬೇಡ. ಅದು ಬೇಕಿರುವುದು ನಮ್ಮ ಜೀವಕೋಶದೊಳಗಿನ, ಇದೇ ಬಗೆಯ ಪಿಎಲ್‌ಸಿ ಕಿಣ್ವಗಳಿಗೆ. ಅವುಗಳಲ್ಲಿ ಕ್ಯಾಲ್ಸಿಯಂ ಕೂರುವ ಜಾಗದಲ್ಲಿ ಬ್ಯಾಕ್ಟೀರಿಯಾ ಕಿಣ್ವ ಆರ್ಜಿನೀನ್ ಎಂಬ ಒಂದು ಅಮೈನೋ ಆಮ್ಲ ಇಟ್ಟುಕೊಂಡಿದೆ. ಎಷ್ಟು ಚಂದದ ಏರ್ಪಾಡು, ಅಲ್ವಾ? ಹಾಗಾಗಿ ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎಯನ್ನು ಧೈರ್ಯವಾಗಿ ಹಾಕಿ.

ದ್ರಾವಣ ಕೆಂಪಾದರೆ, ಅಂದರೆ ಕಣ ಒಡೆದರೆ, ಮಾತ್ರ ಕಿಣ್ವದ ಶುದ್ಧತೆಯನ್ನು ಅನುಮಾನಿಸಿ. ರಕ್ತಕಣದಲ್ಲಿ ಪಿಐ ಕೊಬ್ಬು ಇರುವುದು ಪೊರೆಯ ಒಳಮಗ್ಗುಲಲ್ಲಿ, ಶುದ್ಧ ಪಿಐ-ಪಿಎಲ್‌ಸಿ ಕಣವನ್ನು ಒಡೆಯುವುದಿಲ್ಲ. ಆದರೆ ಇದೇ ಬ್ಯಾಕ್ಟೀರಿಯಾ ಸ್ಫಿಂಗೋಮೈಲಿನ್ ಕೊಬ್ಬನ್ನು ಕತ್ತರಿಸುವ ಸ್ಫಿಂಗೋಮೈಲಿನೇಸನ್ನೂ ಲೆಸಿಥಿನ್ ಕೊಬ್ಬನ್ನು ಕತ್ತರಿಸುವ ಇನ್ನೊಂದು ಪಿಎಲ್‌ಸಿಯನ್ನೂ ಹೊರಬಿಡುತ್ತದೆ. ಇವೆರಡು ಒಟ್ಟಿಗೆ ಸೇರಿದರೆ ರಕ್ತಕಣ ಒಡೆಯುತ್ತದೆ.

ಕೊನೆಯದಾಗಿ, ಕಿಣ್ವ ಹಾಕದ ಒಂದು ಟ್ಯೂಬನ್ನೂ ಅಷ್ಟೇ ಹೊತ್ತು 37 ಡಿಗ್ರಿಯಲ್ಲಿ ಇಡಿ. ಹಳೆಯ ರಕ್ತಕಣಗಳು ಸುಮ್ನೆ ಇಟ್ಟರೂ ಪೊರೆಯ ಸಣ್ಣ ಚೂರುಗಳನ್ನು ಉದುರಿಸುತ್ತವೆ. ಆ ಚೂರುಗಳಲ್ಲಿ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಇರುತ್ತದೆ, ಮಾಮೂಲಿ ಸೆಂಟ್ರಿಫ್ಯೂಜ್ ವೇಗಕ್ಕೆ ಅವು ಕೆಳಗೆ ಕೂರುವುದೂ ಇಲ್ಲ, ಹಾಗಾಗಿ ಕಿಣ್ವವೇ ಕಳಚಿತು ಅಂತ ತಪ್ಪು ತಿಳಿಯಬಹುದು.