ಸಂಪಾದಕರ ಉತ್ತರ: ಸೈನಿಕರ ಡಾಕ್ಟರಿಗೆ ಇಷ್ಟೊಂದು ಸಂಬಳವೇ?

ಪತ್ರದ ಸಾರ: ಅಮೆರಿಕದಲ್ಲಿ ಮಾಜಿ ಸೈನಿಕರಿಗಾಗಿ ಸರ್ಕಾರ ನಡೆಸುವ ವಿಎ ಆಸ್ಪತ್ರೆಗಳ ಡಾಕ್ಟರುಗಳಲ್ಲಿ ಎರಡೂವರೆ, ಮೂರು ಲಕ್ಷ ಡಾಲರ್ ತೆಗೆದುಕೊಳ್ಳುವವರಿದ್ದಾರೆ. ನೋಡುವ ರೋಗಿಗಳು ಕಡಿಮೆ, ಕೋರ್ಟು ಕೇಸಿನ ಭಯವಿಲ್ಲ, ಮೇಲೆ ಪಿಂಚಣಿ, ಬೋನಸ್. ಹೊರಗೆ ಕೆಲಸ ಸಿಗದವರೇ ಅಲ್ಲಿ ಸೇರುವುದಂತೆ. ಇದು ತೆರಿಗೆ ಹಣದ ಪೋಲಲ್ಲವೇ? — ಮೂವತ್ತು ವರ್ಷದಿಂದ ಇಲ್ಲಿ ತೆರಿಗೆ ಕಟ್ಟುತ್ತಿರುವ ಓದುಗ, ನ್ಯೂಜೆರ್ಸಿ

ಸಾರ್, ನಿಮ್ಮ ಪತ್ರ ಸ್ವಲ್ಪ ಖಾರವಾಗೇ ಇದೆ. ತೆರಿಗೆ ಕಟ್ಟುವವರಿಗೆ ಅಷ್ಟು ಹಕ್ಕಿದೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಅಕ್ಕನ ಮಗ ರೆಸಿಡೆನ್ಸಿಯ, ಅಂದರೆ ಡಾಕ್ಟರ್ ಓದು ಮುಗಿದ ಮೇಲಿನ ತರಬೇತಿಯ, ಒಂದಷ್ಟು ತಿಂಗಳು ವಿಎ ಆಸ್ಪತ್ರೆಯಲ್ಲೇ ಕಲಿತವನು. ಹಾಗಾಗಿ ನನಗೆ ಆ ಕಡೆ ಒಲವಿದೆ ಅಂದುಕೊಂಡೇ ಮುಂದೆ ಓದಿ.

ನಿಮಗೆ ಆ ಅಂಕಿಗಳು ಕಣ್ಣಿಗೆ ಬಿದ್ದಿದ್ದು ಯಾಕೆ? ಅವರು ಸರ್ಕಾರಿ ನೌಕರರು, ಅವರ ಸಂಬಳ ಯಾರು ಬೇಕಾದರೂ ನೋಡಬಹುದು. ಪಕ್ಕದ ಖಾಸಗಿ ಆಸ್ಪತ್ರೆಯ ಮೂಳೆ ಡಾಕ್ಟರಿಗೆ ಎಷ್ಟು ಸಿಗುತ್ತದೆ ಅಂತ ಹಾಗೆ ನೋಡಲು ಆಗುವುದಿಲ್ಲ. ಅಲ್ಲಿ ಐದು ಲಕ್ಷ ಡಾಲರ್ ದಾಟುವುದು ದೊಡ್ಡ ವಿಷಯವೇ ಅಲ್ಲ.

ವಿಎಯಲ್ಲಿ ಹಾಗೆ ದಾಟಲು ಕಾನೂನೇ ಬಿಡುವುದಿಲ್ಲ. 2004ರಲ್ಲಿ ಬಂದು 2006ರಿಂದ ಜಾರಿಯಾದ ಕಾಯ್ದೆಯ ಪ್ರಕಾರ ಅಲ್ಲಿನ ಡಾಕ್ಟರ ಸಂಬಳಕ್ಕೆ ಮೂರು ಭಾಗ. ಸರ್ವೀಸಿನ ಮೇಲೆ ಮೂಲ ವೇತನ. ಯಾವ ವಿಭಾಗ, ಯಾವ ಊರು ಅನ್ನುವುದರ ಮೇಲೆ ಮಾರುಕಟ್ಟೆ ವೇತನ. ಕೆಲಸದ ಗುಣ ನೋಡಿ ಕೊಡಬೇಕಾದ ಸಾಧನಾ ವೇತನ. ಇದೆಲ್ಲ ಕೂಡಿದರೂ ಅಧ್ಯಕ್ಷರ ಸಂಬಳವಾದ 4 ಲಕ್ಷ ಡಾಲರ್ ಮೀರುವಂತಿಲ್ಲ. ಬೆರಳೆಣಿಕೆಯ ಕೆಲವರಿಗೆ ವಿನಾಯಿತಿ ಕೊಡಲು ಈಚೆಗೆ ಅವಕಾಶವಾಗಿದೆ, ಅಷ್ಟೇ. ಅಧ್ಯಕ್ಷರ ಸಂಬಳವೋ 2001ರಿಂದ ಒಂದು ಡಾಲರೂ ಏರಿಲ್ಲ. ಶ್ವೇತಭವನದ ಸಂಬಳಕ್ಕೂ ಮಂಡಿ ಚಿಪ್ಪಿನ ಆಪರೇಷನ್ನಿಗೂ ಏನು ಸಂಬಂಧ ಅಂತ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ನೀವು ಹೇಳಿದ ಸವಲತ್ತುಗಳು ಸುಳ್ಳಲ್ಲ. ವರ್ಷಕ್ಕೆ 26 ದಿನ ರಜೆ. ಚಿಕಿತ್ಸೆಯಲ್ಲಿ ತಪ್ಪಾಯಿತು ಅಂತ ರೋಗಿ ಕೇಸು ಹಾಕಿದರೆ ಅದು ಸರ್ಕಾರದ ಮೇಲೆ, ಡಾಕ್ಟರ ಮೇಲಲ್ಲ. ಹಾಗಾಗಿ ಹೊರಗಿನವರು ಕಟ್ಟುವ ದುಬಾರಿ ವಿಮಾ ಕಂತು ಇವರಿಗಿಲ್ಲ. ಪಿಂಚಣಿಯನ್ನು ಲೆಕ್ಕ ಹಾಕಿಯೇ ನೋಡೋಣ. 20 ವರ್ಷ ಕೆಲಸ ಮಾಡಿ 62ಕ್ಕೆ ನಿವೃತ್ತರಾದರೆ, ಅತಿ ಹೆಚ್ಚು ಸಂಬಳವಿದ್ದ ಮೂರು ವರ್ಷದ ಸರಾಸರಿಯಲ್ಲಿ ಶೇ 22. ಸರಾಸರಿ ಎರಡೂವರೆ ಲಕ್ಷವಿದ್ದರೆ ವರ್ಷಕ್ಕೆ 55 ಸಾವಿರ ಡಾಲರ್. ಕೆಟ್ಟದ್ದೇನಲ್ಲ. ಆದರೆ ಪುಕ್ಕಟೆಯೂ ಅಲ್ಲ. 2014ರಿಂದ ಸೇರಿದವರಿಗೆ ಪ್ರತಿ ಸಂಬಳದಲ್ಲಿ ಶೇ 4.4 ಮುರಿದುಕೊಳ್ಳುತ್ತಾರೆ. ಇದನ್ನೆಲ್ಲ ಸೇರಿಸಿ ನೋಡಿದರೆ ಸಾಮಾನ್ಯ ಕಾಯಿಲೆ ನೋಡುವ ವಿಎ ಡಾಕ್ಟರಿಗೆ ಹೊರಗಿನವರ ಸಮಕ್ಕೆ ಬಂತು ಅನ್ನಬಹುದು. ಮೂಳೆ, ಹೃದಯ, ಅರಿವಳಿಕೆ ವಿಭಾಗದವರಿಗೆ ಮಾತ್ರ ಇದು ನಷ್ಟದ ವ್ಯಾಪಾರವೇ.

ರೋಗಿಗಳು ಕಡಿಮೆ ಅಂದಿರಿ. ನಿಜ, ಒಬ್ಬ ಪ್ರಾಥಮಿಕ ಡಾಕ್ಟರಿಗೆ ಸುಮಾರು 1,200 ರೋಗಿಗಳು ಅನ್ನುವುದು ವಿಎ ಇಟ್ಟುಕೊಂಡ ಅಳತೆ. ಹೊರಗೆ ಇದಕ್ಕಿಂತ ಜಾಸ್ತಿ. ಆದರೆ ಆ 1,200ರಲ್ಲಿ ವಿಯೆಟ್ನಾಂ ಯುದ್ಧದಿಂದ ಬಂದ ಎಪ್ಪತ್ತೈದರ ಮುದುಕರಿದ್ದಾರೆ. ಸಕ್ಕರೆ ಕಾಯಿಲೆ, ಬಿಪಿ, ಕಿವಿ ಕೇಳದು, ರಾತ್ರಿ ನಿದ್ದೆಯಿಲ್ಲ, ಹೀಗೆ ಒಬ್ಬರಲ್ಲೇ ನಾಲ್ಕೈದು ತೊಂದರೆ. ಹದಿನೈದು ನಿಮಿಷದಲ್ಲಿ ಮುಗಿಯುವ ಭೇಟಿ ಅಲ್ಲ ಅದು.

ಇನ್ನು ತೆರಿಗೆ ಹಣ. ಸಂಬಳ ಇಳಿಸಿದರೆ ಉಳಿಯುತ್ತದೆ ಅಂತೀರಲ್ಲ, ಅಲ್ಲೇ ನನಗೆ ಅನುಮಾನ. 2018ರ ಮಿಷನ್ ಕಾಯ್ದೆಯ ನಿಯಮಗಳಂತೆ, ತಜ್ಞ ಡಾಕ್ಟರ ಭೇಟಿ 28 ದಿನದೊಳಗೆ ಸಿಗದಿದ್ದರೆ ಮಾಜಿ ಸೈನಿಕ ಖಾಸಗಿಯವರ ಹತ್ತಿರ ಹೋಗಬಹುದು. ಆ ಬಿಲ್ಲು ಕಟ್ಟುವುದು ಮತ್ತೆ ವಿಎಯೇ. ಡಾಕ್ಟರುಗಳ ಕೊರತೆ ಅಂತ ವಿಎ ಇಲಾಖೆಯನ್ನು ತಪಾಸಣೆ ಮಾಡುವ ಇನ್ಸ್‌ಪೆಕ್ಟರ್ ಜನರಲ್ ವರದಿ ವರ್ಷಾ ವರ್ಷ ಹೇಳುತ್ತಲೇ ಇದೆ. ಸಂಬಳ ಇಳಿಸಿ ಆ ಕೊರತೆ ಇನ್ನೂ ಹೆಚ್ಚಾದರೆ ರೋಗಿಗಳು ಹೊರಗೆ ಹೋಗುತ್ತಾರೆ. ನಿಮ್ಮ ಜೇಬಿಂದ ಹೋಗುವ ದುಡ್ಡು ಹೋಗಿಯೇ ಹೋಗುತ್ತದೆ, ಬಾಗಿಲು ಮಾತ್ರ ಬೇರೆ.

ಬೋನಸ್ ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಕಡೆ. ಮೂರನೇ ಭಾಗದ ಸಾಧನಾ ವೇತನ ಅಂದೆನಲ್ಲ, ಅದಕ್ಕೆ ಮಿತಿ ವರ್ಷಕ್ಕೆ 15 ಸಾವಿರ ಡಾಲರ್. ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2013ರಲ್ಲಿ ಇದನ್ನು ಕೆದಕಿತು. 2011ರ ಒಂದೇ ಹಣಕಾಸು ವರ್ಷದಲ್ಲಿ ಸುಮಾರು 15 ಕೋಟಿ ಡಾಲರ್ ಹಂಚಿದ್ದರು, ನೂರಕ್ಕೆ ಎಂಬತ್ತು ಮಂದಿಗೆ! ಜಿಎಒ ತೆಗೆದು ನೋಡಿದ ಕಡತಗಳಲ್ಲಿ ಅರ್ಹರೆಲ್ಲರಿಗೂ ಸಿಕ್ಕಿತ್ತು. ಲೈಸೆನ್ಸ್ ಅವಧಿ ಮುಗಿದ ಮೇಲೂ ರೋಗಿಗಳನ್ನು ನೋಡಿದ ಡಾಕ್ಟರಿಗೂ ಸಿಕ್ಕಿತ್ತು. ಆಪರೇಷನ್ನನ್ನು ಕಲಿಯುತ್ತಿದ್ದ ರೆಸಿಡೆಂಟುಗಳ ಕೈಗೆ ಬಿಟ್ಟು, ಅದು ಮುಗಿಯುವ ಮೊದಲೇ ಹೊರಟುಹೋದ ಸರ್ಜನ್ನಿಗೂ ಸಿಕ್ಕಿತ್ತು. ಪ್ರಸಾದ ಹಂಚಿದ ಹಾಗೆ.

ಆ ವರದಿಯ ಮರುವರ್ಷವೇ ಅರಿಜೋನಾದ ಫೀನಿಕ್ಸ್ ಊರಿನ ವಿಎ ಆಸ್ಪತ್ರೆಯ ಹಗರಣ. ರೋಗಿಗೆ 14 ದಿನದಲ್ಲಿ ಭೇಟಿ ಸಿಗಬೇಕು ಅಂತ ಗುರಿ ಇಟ್ಟು, ಅದನ್ನು ಅಧಿಕಾರಿಗಳ ಮೌಲ್ಯಮಾಪನಕ್ಕೆ ಗಂಟು ಹಾಕಿದ್ದರು. ಭೇಟಿ ಕೊಡಲಾಗದವರು ಕಾಯುವವರ ಹೆಸರನ್ನೇ ಲೆಕ್ಕದಿಂದ ಮರೆಮಾಡಿದರು. 2014ರ ಮೇನಲ್ಲಿ ವಿಎ ಇಲಾಖೆಯ ಮಂತ್ರಿ ಎರಿಕ್ ಶಿನ್ಸೆಕಿ ರಾಜೀನಾಮೆ ಕೊಟ್ಟರು. ಇದನ್ನು ಬಯಲಿಗೆ ತಂದವರಲ್ಲಿ ಅದೇ ಆಸ್ಪತ್ರೆಯಿಂದ ನಿವೃತ್ತರಾದ ಡಾಕ್ಟರೂ ಇದ್ದರು ಅನ್ನುವುದನ್ನು ಮರೆಯಬೇಡಿ. ನನ್ನ ತಕರಾರು ಸಂಬಳದ ಮೊತ್ತದ ಮೇಲಲ್ಲ, ಯಾವ ಕೆಲಸಕ್ಕೆ ಕೊಡುತ್ತಿದ್ದೇವೆ ಅಂತ ಯಾರೂ ನೋಡದೇ ಇರುವುದರ ಮೇಲೆ.

ಹೊರಗೆ ಕೆಲಸ ಸಿಗದವರೇ ಅಲ್ಲಿ ಸೇರುತ್ತಾರೆ ಅನ್ನುವುದು ಸುಮ್ನೆ ಕೇಳಿದ ಮಾತು. 1946ರಿಂದ ವಿಎ ಆಸ್ಪತ್ರೆಗಳು ಮೆಡಿಕಲ್ ಕಾಲೇಜುಗಳ ಜೊತೆ ಕೈಜೋಡಿಸಿವೆ. ಬೆಳಿಗ್ಗೆ ವಿಎ, ಮಧ್ಯಾಹ್ನ ವಿಶ್ವವಿದ್ಯಾಲಯದ ಆಸ್ಪತ್ರೆ ಅಂತ ಓಡಾಡುವ ಪ್ರೊಫೆಸರುಗಳಿಗೆ ಲೆಕ್ಕವಿಲ್ಲ. ನಮ್ಮ ಕರ್ನಾಟಕದಿಂದ ಹೋದ ಎಷ್ಟೋ ಹುಡುಗ ಹುಡುಗಿಯರು ಅಲ್ಲಿಯೇ ಕೈ ಪಳಗಿಸಿಕೊಂಡವರು. ತರಬೇತಿಗೆ ಬಂದವರು ಮುಗಿದ ಮೇಲೆ ಎರಡು ವರ್ಷ ಊರಿಗೆ ಮರಳಬೇಕು ಅನ್ನುವ ಜೆ-1 ವೀಸಾದ ನಿಯಮದಿಂದ ವಿನಾಯಿತಿ ಪಡೆಯಲು ಮೂರು ವರ್ಷ ಅಲ್ಲಿ ದುಡಿದವರೂ ಇದ್ದಾರೆ.

ಅಂದಹಾಗೆ, ಅಕ್ಕನ ಮಗ ಕೊನೆಗೆ ಹೃದಯದ ಡಾಕ್ಟರಾದ. ವಿಎ ಸೇರಲಿಲ್ಲ. ಅಲ್ಲಿನ ಮುದುಕರ ಯುದ್ಧದ ಕತೆಗಳು ಅವನಿಗೆ ಬಲು ಇಷ್ಟ, ಈಗಲೂ ಹೇಳುತ್ತಿರುತ್ತಾನೆ. ಮತ್ತೆ ಯಾಕೋ ಹೋಗಲಿಲ್ಲ ಅಂದೆ. "ಮಾವ, ಓದಿನ ಸಾಲ ತೀರಬೇಕಲ್ಲ" ಅಂದ.